ಒಳಗೆ ಬಿಟ್ಟ ಬಟ್ಟೆ

ದರ್ಜಿ ಎಂದರೆ ಕಳ್ಳ ಎಂದು ನಂಬಿರುವ ಊರಿನಲ್ಲಿ ಹುಟ್ಟಿ ದರ್ಜಿಯೇ ಆದವಳು ನಾನು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಗಿರಾಕಿಗಳು ನಮಗೂ ಧಾರಾಳವಾಗಿ ಹಂಚಿದ್ದರು. ಬಟ್ಟೆ ಅವರೇ ತರುತ್ತಿದ್ದರು. ಅಂಗಡಿಯಲ್ಲಿ ಅಳೆಸಿದ್ದು ಸಾಲದು ಎಂದು ನಮ್ಮೆದುರು ಇನ್ನೊಮ್ಮೆ ಅಳೆಯುತ್ತಿದ್ದರು. ಹೊಲಿದು ಕೊಟ್ಟ ದಿನ ಅಂಗಿಯನ್ನು ತೊಟ್ಟು ನೋಡುವ ಮೊದಲು ಒಳಮಗ್ಗುಲು ಹೊರಗೆ ಮಾಡಿ ನೋಡುತ್ತಿದ್ದರು. ಹೊಲಿಗೆಯ ಆಚೆ ಎರಡಿಂಚು ಬಟ್ಟೆ ಉಳಿದಿದ್ದರೆ ದರ್ಜಿ ಮರ್ಯಾದಸ್ಥ. ನಾಳೆ ಮೈ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಸಿಕೊಳ್ಳಬಹುದು. ಉಳಿದಿಲ್ಲವೆಂದರೆ ಮಿಕ್ಕ ಬಟ್ಟೆ ನಮ್ಮ ಮನೆಯ ದಿಂಬಿನ ಹೊಟ್ಟೆ ಸೇರಿದೆ ಎಂದೇ ಲೆಕ್ಕ.

ನನ್ನ ಅಕ್ಕನ ಅಂಗಡಿಯಲ್ಲಿ ಆ ಎರಡಿಂಚು ಎಂದೂ ಒಂದೂಮುಕ್ಕಾಲು ಆದದ್ದಿಲ್ಲ. ಹೊಲಿಗೆಯನ್ನು ನನಗೆ ಕಲಿಸಿದವಳು ಅವಳೇ. ಹದಿನಾಲ್ಕನೆಯ ವಯಸ್ಸಿಗೆ ಗುಂಡಿಯ ಕಾಜ ಹಾಕಲು ಕೂರಿಸಿದಳು, ಹದಿನೇಳಕ್ಕೆ ಕಾಲರ್ ಕೂರಿಸುವುದು ಕಲಿಸಿದಳು, ಇಪ್ಪತ್ತಕ್ಕೆ ಕತ್ತರಿ ಕೈಗೆ ಕೊಟ್ಟಳು. ನಮ್ಮಲ್ಲಿ ಹೊಲಿಯುವವರು ನೂರು ಜನ ಸಿಗುತ್ತಾರೆ, ಬಟ್ಟೆ ಕತ್ತರಿಸುವವರು ಹತ್ತು. ಕತ್ತರಿ ಹಿಡಿದ ಮೇಲೆ ನಾನು ಬೀದಿಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ನಡೆಯುತ್ತಿದ್ದೆ ಎಂದು ಆಗಿನವರು ಹೇಳುತ್ತಾರೆ. ಸುಳ್ಳಲ್ಲ.

ಆಮೇಲೆ ಮದುವೆಯಾಯಿತು. ಗಂಡ ಈ ದೇಶದಲ್ಲಿ ಸಿಟಿ ಬಸ್ ಓಡಿಸುತ್ತಿದ್ದ, ನಾನೂ ಬಂದೆ. ಬಂದ ಎರಡೇ ತಿಂಗಳಿಗೆ ಮನೆಯ ಹತ್ತಿರದ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಕಿಟಕಿಯ ಪಕ್ಕ ಒಂದು ಹೊಲಿಗೆ ಮಷಿನ್, ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯುವ ಒಂದು ಓವರ್‌ಲಾಕ್ ಮಷಿನ್, ಮಧ್ಯೆ ನಾನು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಪರದೆಯ ಅಂಚು ಮಡಿಸುವುದು. ಹನ್ನೆರಡು ವರ್ಷ ಇದೇ ಮಾಡಿದೆ. ಇಲ್ಲಿಯ ಸಿದ್ಧ ಉಡುಪುಗಳ ಒಳಗೆ ಬೆರಳಗಲದ ಬಟ್ಟೆಯೂ ಇರುವುದಿಲ್ಲ. ಹೊಟ್ಟೆ ಬಂದವರು ಪ್ಯಾಂಟು ಹಿಡಿದು ಬಂದರೆ, ಇದನ್ನು ಅಗಲ ಮಾಡಲು ಆಗುವುದಿಲ್ಲ ಎಂದು ಡಾಕ್ಟರ ಹಾಗೆ ಗಂಭೀರವಾಗಿ ಹೇಳಿ ಕಳಿಸುತ್ತಿದ್ದೆ. ಗಿರಾಕಿಗಳ ಬಾಯಲ್ಲಿ ನನ್ನ ಹೆಸರು ‘ಪ್ಯಾಂಟಿನ ಹೆಂಗಸು’.

ಲಾಂಡ್ರಿ ಮಾಲೀಕನೂ ಇಲ್ಲಿಯವನಲ್ಲ, ನಮ್ಮ ದೇಶದವನೂ ಅಲ್ಲ. ಅವನು ತನ್ನ ಊರಿನಿಂದ ಮರದ ಹ್ಯಾಂಗರ್‌ಗಳನ್ನು ತರಿಸಿ ಇಲ್ಲಿಯ ಅಂಗಡಿಗಳಿಗೆ ಮಾರುತ್ತಿದ್ದ. ಮಾಡುವವನು ಅವನ ಚಿಕ್ಕಪ್ಪ. ಹತ್ತರಲ್ಲಿ ಮೂರು ಸೊಟ್ಟ. ಪ್ರತಿ ಸಲ ಪೆಟ್ಟಿಗೆ ಬಂದಾಗಲೂ ಇವನು ಮರಳುಕಾಗದ ಹಿಡಿದು ಉಜ್ಜುತ್ತ ಕೂರುತ್ತಿದ್ದ. ಇದೆಂಥ ವ್ಯಾಪಾರ ಎಂದು ಒಮ್ಮೆ ಕೇಳಿಯೇ ಬಿಟ್ಟೆ.

“ಇಲ್ಲಿ ನಾನು ಬೇರೆಯವರ ಕೊಳೆ ತೊಳೆಯೋನು. ಅಲ್ಲಿ ಮೂರು ಸಾವಿರ ಹ್ಯಾಂಗರ್ ಆರ್ಡರ್ ಕೊಡೋನು. ನಾನು ಹೋದ್ರೆ ಚಿಕ್ಕಪ್ಪ ಎದ್ದು ಕುರ್ಚಿ ಕೊಡ್ತಾನೆ. ಚಿಕ್ಕವನಿದ್ದಾಗ ಅದೇ ಕುರ್ಚಿಯಿಂದ ನನ್ನ ಕಿವಿ ಹಿಡಿದು ಎಬ್ಬಿಸ್ತಿದ್ದ,” ಎಂದು ನಕ್ಕ.

ಒಂದು ಕುರ್ಚಿಗಾಗಿ ಇಷ್ಟೊಂದು ಉಜ್ಜಾಟವೇ ಎಂದು ನನಗೆ ಒಳಗೊಳಗೇ ನಗು ಬಂತು.

ಲಾಂಡ್ರಿಯಿಂದ ಎರಡು ಬೀದಿ ಆಚೆ ವಯಸ್ಸಾದವರ ಆರೈಕೆ ಮನೆಯೊಂದಿದೆ. ಅಲ್ಲಿಯ ಸಿಬ್ಬಂದಿಯ ಸಮವಸ್ತ್ರ ರಿಪೇರಿಗೆ ನನ್ನ ಬಳಿಯೇ ಬರುತ್ತಿತ್ತು. ಎಲ್ಲ ಅಂಗಿಯೂ ಕಂಕುಳಲ್ಲೇ ಹರಿಯುತ್ತಿತ್ತು. ಒಂದೇ ಅಂಗಿಯ ಒಂದೇ ಕಂಕುಳನ್ನು ಆರನೆಯ ಸಲ ಹೊಲಿಯಬೇಕಾಗಿ ಬಂದ ದಿನ ನನಗೆ ರೇಗಿತು. ಅಂಗಿ ಹಿಡಿದು ನೇರ ಹಿರಿಯ ನರ್ಸಮ್ಮನ ಬಳಿಗೆ ಹೋದೆ. ಆಕೆ ಬಾಗಿಲಿನಷ್ಟು ಎತ್ತರದ ಹೆಂಗಸು, ಹೇಳಿದ್ದನ್ನು ಎರಡನೆಯ ಸಲ ಹೇಳುವವರಲ್ಲ.

“ಮೇಡಂ, ಇದನ್ನ ಇನ್ನು ಹೊಲಿಯೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ತಪ್ಪು ನೂಲಲ್ಲಿಲ್ಲ, ಕತ್ತರಿಸಿರೋದ್ರಲ್ಲಿದೆ,” ಎಂದೆ. ಇಲ್ಲಿಯ ಭಾಷೆಯಲ್ಲಿ ಆ ಹುಣಸೆಹಣ್ಣು ಏನಾಗಿ ಹೋಯಿತೋ ನಾನರಿಯೆ. “ಸುಮ್ಮನೆ ನಿಂತಿರೋ ಮನುಷ್ಯನಿಗೆ ಕತ್ತರಿಸಿದ ಅಂಗಿ ಇದು. ನಿಮ್ಮೋರು ದಿನಾ ಜನರನ್ನ ಎತ್ತಿ ಕೂರಿಸೋರು. ಕಂಕುಳಿಗೆ ಒಂದು ಚೌಕದ ತುಂಡು ಸೇರಿಸಬೇಕು.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಂದು ಹೊಲಿದು ತೋರಿಸಿ.”

ಭಾನುವಾರ ಮಾಲೀಕನಿಂದ ಬೀಗದ ಕೈ ಪಡೆದು ಲಾಂಡ್ರಿಯಲ್ಲಿ ಒಬ್ಬಳೇ ಕೂತು ಹೊಲಿದೆ. ತಂದಿದ್ದ ಬಟ್ಟೆ ನರ್ಸಮ್ಮನ ಎತ್ತರಕ್ಕೆ ಸರಿಯಾಗಿ ಒಂದೇ ಅಂಗಿಗೆ ಸಾಲುವಷ್ಟು ಇದ್ದದ್ದರಿಂದ ಒಳಗೆ ಬಿಡಲು ಏನೂ ಉಳಿಯಲಿಲ್ಲ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ; ನಾನು ಮರೆತೆ, ಅನುಭವಿಸಿದೆ. ಸೋಮವಾರ ನರ್ಸಮ್ಮ ಅದನ್ನು ತೊಟ್ಟು ಎರಡೂ ಕೈ ಎತ್ತಿ ಕಪಾಟಿನ ತಲೆ ಮುಟ್ಟಿದರು, ಬಗ್ಗಿದರು, ಖಾಲಿ ಹಾಸಿಗೆಯೊಂದನ್ನು ಎತ್ತಿ ಸರಿಸಿದರು. ಅಂಗಿ ಜಪ್ಪಯ್ಯ ಎನ್ನಲಿಲ್ಲ. “ನಲವತ್ತೆರಡು ಜನ ಇದ್ದಾರೆ, ಅಳತೆ ತಗೊಳ್ಳಿ,” ಎಂದರು.

ಅದೇ ವಾರ ಊರಿನಲ್ಲಿ ಅಕ್ಕ ಅಂಗಡಿ ಮುಚ್ಚುವ ಮಾತಾಡಿದ್ದಳು. ಬೀದಿಯ ತುಂಬ ಸಿದ್ಧ ಉಡುಪಿನ ಅಂಗಡಿಗಳಾಗಿ ಹೊಲಿಸಿಕೊಳ್ಳುವವರು ಕಡಿಮೆಯಾಗಿದ್ದರು. ನಾಲ್ಕು ಮಷಿನ್‌ಗಳನ್ನೂ ಕೊಳ್ಳುವವರು ಸಿಕ್ಕಿದ್ದರು. ಐವತ್ತೆರಡು ವರ್ಷದ ನನ್ನ ಅಕ್ಕ ಬಸ್ಸು ಹಿಡಿದು ಗಾರ್ಮೆಂಟ್ ಕಾರ್ಖಾನೆಗೆ ಹೋಗಿ, ಬೇರೆಯವರು ಹೊಲಿದದ್ದರಲ್ಲಿ ನೂಲು ಕಿತ್ತಿದೆಯೇ ಎಂದು ನೋಡುವ ಚೆಕ್ಕಿಂಗ್ ಕೆಲಸಕ್ಕೆ ಸೇರುವವಳಿದ್ದಳು. ಆ ಮಾತು ಕೇಳಿ ನನಗೆ ಅನ್ನ ಇಳಿದಿರಲಿಲ್ಲ.

ಫೋನ್ ಮಾಡಿ ಹೇಳಿದೆ: “ಅಕ್ಕಾ, ಮಷಿನ್ ಕೊಡಬೇಡ. ನಲವತ್ತೆರಡು ಅಂಗಿಗೆ ಆರ್ಡರ್ ಹಿಡಿದಿದ್ದೀನಿ. ಬಟ್ಟೆ ಅಲ್ಲೇ ತಗೋ, ಕತ್ತರಿಸೋ ನಕ್ಷೆ ನಾನು ಕಳಿಸ್ತೀನಿ, ನೀನೂ ನಿನ್ನ ಹೆಂಗಸರೂ ಹೊಲಿದು ಕಳಿಸಿ. ಇದು ಸರಿಹೋದ್ರೆ ಇನ್ನೂ ಬರುತ್ತೆ.”

“ನೋಡೋಣ, ಮಷಿನ್ ತಗೊಳ್ಳೋರಿಗೆ ಮುಂದಿನ ತಿಂಗಳ ಕೊನೇವರೆಗೆ ತಡೀರಿ ಅಂತೀನಿ,” ಎಂದಳು ಅಕ್ಕ. ಅವಳ ಖುಷಿಯೂ ಕೋಪವೂ ಒಂದೇ ದನಿಯಲ್ಲಿ ಬರುವುದರಿಂದ ಹೆಚ್ಚಿಗೆ ಏನೂ ತಿಳಿಯಲಿಲ್ಲ.

ಇಲ್ಲೇ ಯಾಕೆ ಹೊಲಿಸಬಾರದು ಎಂದು ನರ್ಸಮ್ಮ ಕೇಳಿದರು. ಅಲ್ಲಿ ನನ್ನ ಅಕ್ಕ ಇದ್ದಾಳೆ, ಅವಳ ಕೈಯಂಥ ಕೈ ಇಲ್ಲಿಲ್ಲ, ಅವಳ ಅಂಗಡಿ ಉಳಿಸಬೇಕು ಎಂದೆ. ಮಾಲೀಕ ಕೇಳಿದಾಗಲೂ ಅದನ್ನೇ ಹೇಳಿದೆ. ವ್ಯಾಪಾರ ನೋಂದಾಯಿಸುವ ಕಚೇರಿಯ ಗುಮಾಸ್ತ ಯಾವ ಉದ್ದೇಶಕ್ಕೆ ಎಂದು ಕೇಳಿದಾಗಲೂ ಅಕ್ಕನ ಕಥೆಯನ್ನು ಪೂರ್ತಿ ಹೇಳಿದೆ. ಪಾಪ, ಅವನಿಗೆ ಬೇಕಾಗಿದ್ದದ್ದು ಒಂದು ಪದ. ಎಲ್ಲರೂ ಎಂಥ ತಂಗಿ ಎಂದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಐದು ವಾರಕ್ಕೆ ಪೆಟ್ಟಿಗೆಗಳು ಬಂದವು. ಶುಕ್ರವಾರ ಬೆಳಿಗ್ಗೆ ಆರೈಕೆ ಮನೆಯ ಸಿಬ್ಬಂದಿ ಕೋಣೆಯಲ್ಲಿ ಮೇಜಿನ ಮೇಲೆ ಬಿಚ್ಚಿದೆವು. ತಿಳಿನೀಲಿ ಅಂಗಿಗಳು, ಕಾಲರ್ ಒಂದೊಂದೂ ಅಚ್ಚಿಗೆ ಹಾಕಿ ತೆಗೆದ ಹಾಗೆ. ನರ್ಸಮ್ಮ ಒಂದನ್ನು ಎತ್ತಿಕೊಂಡರು. ತೊಟ್ಟು ನೋಡಲಿಲ್ಲ, ನಮ್ಮೂರಿನ ಗಿರಾಕಿಯ ಹಾಗೆ ಒಳಮಗ್ಗುಲು ಹೊರಗೆ ಮಾಡಿದರು. ನನ್ನ ಮುಖ ಅರಳಿತು. ಎರಡೂ ಪಕ್ಕದಲ್ಲಿ ಎರಡೆರಡಿಂಚು ಬಟ್ಟೆ, ಕೆಳಗೆ ನಾಲ್ಕಿಂಚಿನ ಮಡಿಕೆ. ಇನ್ನೇನು ಹೊಗಳುತ್ತಾರೆ ಎಂದು ಕೈ ಕಟ್ಟಿ ನಿಂತೆ.

“ಇದು ಮುಗಿದಿಲ್ಲ,” ಎಂದರು ನರ್ಸಮ್ಮ.

“ಮುಗಿದಿದೆಯಲ್ಲ ಮೇಡಂ.”

“ಇಷ್ಟೊಂದು ಬಟ್ಟೆ ಒಳಗೆ ಯಾಕೆ ನೇತಾಡ್ತಿದೆ?” ಹೊಲಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ಒತ್ತಿದರು. “ನಾವು ಇದನ್ನ ದಿನಾ ಕುದಿಯೋ ನೀರಲ್ಲಿ ಒಗೀತೀವಿ. ಈ ದಪ್ಪ ಒಣಗಲ್ಲ. ಮುದುಡಿ ಗಂಟಾಗಿ ಪಕ್ಕೆಗೆ ಒತ್ತುತ್ತೆ. ನೀವು ತೋರಿಸಿದ ಅಂಗೀಲಿ ಹೀಗಿರಲಿಲ್ಲ.”

ಹಿಟ್ಟು ಹಳಸಿತ್ತು ನಾಯಿ ಹಸಿದಿತ್ತು ಎಂಬಂತೆ ಸುಮ್ಮನೆ ಒಪ್ಪಿಕೊಳ್ಳುವ ಗಿರಾಕಿ ಆಕೆಯಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು, ಹೊಳೆದು ನಾಚಿಕೆಯಾಯಿತು. ಉದ್ದ, ಅಗಲ, ಗುಂಡಿಯ ಅಂತರ, ಕಂಕುಳಿನ ಚೌಕ ಎಲ್ಲ ಬರೆದು ಕಳಿಸಿದ್ದ ನಾನು, ಒಳಗೆ ಎಷ್ಟು ಬಿಡಬೇಕು ಎಂಬುದನ್ನು ಬರೆದಿರಲಿಲ್ಲ. ಅದು ಹೇಳಬೇಕಾದ ವಿಷಯ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಉಸಿರಾಡು ಎಂದು ಯಾರಿಗಾದರೂ ಬರೆದು ಕಳಿಸುತ್ತಾರೆಯೇ? ಹನ್ನೆರಡು ವರ್ಷ ಇಲ್ಲಿಯ ಬಟ್ಟೆಯ ಒಳಗನ್ನೇ ನೋಡುತ್ತ ಕೂತವಳು, ನನ್ನ ಬಟ್ಟೆಯ ವಿಷಯ ಬಂದಾಗ ನಮ್ಮೂರಿನ ಕಣ್ಣನ್ನೇ ಹಾಕಿಕೊಂಡಿದ್ದೆ.

“ಮಂಗಳವಾರದೊಳಗೆ ಸರಿ ಮಾಡಿಕೊಡಿ. ಇಲ್ಲಾಂದ್ರೆ ಹಳೇ ಕಂಪನಿಗೇ ಹೇಳ್ತೀನಿ.”

“ಸೋಮವಾರವೇ ಕೊಡ್ತೀನಿ,” ಎಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ದಿನ ಮುಂದಿರುತ್ತದೆ.

ಪೆಟ್ಟಿಗೆಗಳನ್ನು ಗಂಡನೂ ನಾನೂ ಲಾಂಡ್ರಿಗೆ ಹೊತ್ತು ತಂದೆವು. ಶನಿವಾರ ಬೆಳಿಗ್ಗೆ ಮೊದಲ ಅಂಗಿಯನ್ನು ತಿರುವಿ ಕತ್ತರಿ ಇಟ್ಟೆ. ಒತ್ತಲು ಆಗಲಿಲ್ಲ. ಅಕ್ಕ ಆ ಅಂಚನ್ನೂ ಸಣ್ಣಗೆ ಮಡಿಸಿ ಹೊಲಿದಿದ್ದಳು, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇಳದೆ ಕತ್ತರಿಸಿದರೆ ದ್ರೋಹವಾಗುತ್ತದೆ ಎಂದು ಫೋನ್ ಮಾಡಿದೆ. ಅಲ್ಲಿ ಆಗ ಮಧ್ಯಾಹ್ನ. ಹಿಂದೆ ಮಷಿನ್‌ಗಳ ಸದ್ದಿತ್ತು.

ವಿಷಯ ಕೇಳಿ ಅಕ್ಕ ಮಷಿನ್‌ಗಳನ್ನು ನಿಲ್ಲಿಸಲು ಹೇಳಿದಳು. ಆಮೇಲೆ, “ಕತ್ತರಿಸ್ತೀಯಾ?” ಎಂದಳು.

“ಅರ್ಧ ಇಂಚು ಬಿಟ್ಟು ಮಿಕ್ಕಿದ್ದು ತೆಗೆದು ಓವರ್‌ಲಾಕ್ ಹಾಕ್ತೀನಿ.”

“ತೆಗೆದದ್ದು ಏನು ಮಾಡ್ತೀಯ?”

“ಏನು ಮಾಡೋದು? ಕಸದ ಬುಟ್ಟಿಗೆ.”

“ಮೂವತ್ತು ವರ್ಷದಲ್ಲಿ ಗಿರಾಕಿ ಬಟ್ಟೇನ ನಾನು ಬುಟ್ಟಿಗೆ ಹಾಕಿಲ್ಲ ಕಣೇ.”

“ಇಲ್ಲಿ ಬಟ್ಟೆ ಗಿರಾಕಿದಲ್ಲ ಅಕ್ಕಾ, ನಮ್ಮದು. ಇವರು ಅಂಗಿ ಕೇಳ್ತಾರೆ, ಬಟ್ಟೆ ಲೆಕ್ಕ ಕೇಳಲ್ಲ.”

“ಹಾಕಿಕೊಳ್ಳೋಳು ನಾಳೆ ದಪ್ಪ ಆದ್ರೆ?”

“ಇನ್ನೊಂದು ಹೊಲಿಸ್ಕೊಳ್ತಾರೆ.”

“ಎಂಥಾ ಜನ,” ಎಂದು ಫೋನ್ ಇಟ್ಟಳು.

ನಾನು ಕತ್ತರಿಸಿದೆ. ಮೊದಲನೆಯದಕ್ಕೆ ಕಣ್ಣು ತುಂಬಿತು, ಹತ್ತನೆಯದಕ್ಕೆ ಕೈ ನೋಯಿತು, ಇಪ್ಪತ್ತನೆಯದಕ್ಕೆ ಹಸಿವಾಯಿತು. ಗಂಡ ನೂಲು ಕಿತ್ತು ಮಡಿಸಿಟ್ಟ. ಬಸ್ಸಿನಲ್ಲಿ ಇಷ್ಟು ಜನ ನಿಂತು ಬರುವುದು ಯಾಕೆಂದು ಈಗ ಗೊತ್ತಾಯಿತು, ಬೆನ್ನು ನೋವಿಗೆ ಕೂರುವುದೇ ಕಾರಣ ಎಂದ. ಮಾಲೀಕ ಹ್ಯಾಂಗರ್ ಉಜ್ಜುವುದು ಬಿಟ್ಟು ಇಸ್ತ್ರಿ ಹಾಕಲು ನಿಂತ. ಸೋಮವಾರ ಮಧ್ಯಾಹ್ನ ನಲವತ್ತೆರಡೂ ಅಂಗಿಗಳು ಸಿಬ್ಬಂದಿ ಕೋಣೆಯ ಮೇಜಿನ ಮೇಲಿದ್ದವು. ನರ್ಸಮ್ಮ ಮತ್ತೆ ತಿರುವಿ ನೋಡಿದರು. ಈ ಸಲ ನಾನು ಮುಖ ಅರಳಿಸುವ ಸಾಹಸಕ್ಕೆ ಹೋಗಲಿಲ್ಲ.

“ಚೆನ್ನಾಗಿದೆ,” ಎಂದರು. ಗುರುವಾರ ಆಕೆಯೇ ಲಾಂಡ್ರಿಗೆ ಬಂದರು. ಮೂರು ದಿನದಲ್ಲಿ ಒಂದು ಕಂಕುಳೂ ಹರಿದಿರಲಿಲ್ಲ. ಅವರದೇ ಸಂಸ್ಥೆಯ ಇನ್ನೊಂದು ಆರೈಕೆ ಮನೆಗೆ ನೂರಿಪ್ಪತ್ತು ಬೇಕು, ಅದು ಸರಿಹೋದರೆ ವರ್ಷವರ್ಷವೂ ಎಂದರು. ಹೋಗುವಾಗ ತಿರುಗಿ, “ಒಳಗೆ ಏನೂ ನೇತಾಡಬಾರದು,” ಎಂದು ಎರಡನೆಯ ಸಲ ಹೇಳಿದರು. ಆಕೆ ಎರಡನೆಯ ಸಲ ಹೇಳಿದ್ದನ್ನು ಕೇಳಿದವಳು ಬಹುಶಃ ನಾನೊಬ್ಬಳೇ.

ಕುಣಿಯುವುದೊಂದು ಬಾಕಿ. ಅಡುಗೆಮನೆಯ ಮೇಜಿಗೆ ಕೂತು ಅಕ್ಕನಿಗೆ ವಿಡಿಯೋ ಫೋನ್ ಮಾಡಿದೆ. ಅಕ್ಕ ಹೇಳಿದ್ದ ಗಡುವು ಮುಗಿಯಲು ಆರು ದಿನ ಇತ್ತು. ಅಕ್ಕ ಅಂಗಡಿಯಲ್ಲೇ ಇದ್ದಳು; ಅವಳ ಹಿಂದೆ ನಾಲ್ಕು ಮಷಿನ್‌ಗಳಲ್ಲಿ ಎರಡಕ್ಕೆ ಆಗಲೇ ಹಗ್ಗ ಸುತ್ತಿತ್ತು.

“ಅದನ್ನ ಬಿಚ್ಚು,” ಎಂದೆ. “ನೂರಿಪ್ಪತ್ತು ಬಂತು. ವರ್ಷವರ್ಷವೂ ಬರುತ್ತೆ. ನಿನ್ನ ಅಂಗಡಿ ಉಳೀತು.”

“ಒಳಗೆ ಎಷ್ಟು ಬಿಡಬೇಕಂತೆ?”

“ಅರ್ಧ ಇಂಚು.”

“ನನ್ನ ಕೈಲಿ ಆಗಲ್ಲ ಪುಟ್ಟಿ. ನಾನು ಚೆಕ್ಕಿಂಗ್‌ಗೆ ಹೋಗ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷದಲ್ಲಿ ಅವಳಿಗೆ ಎದುರಾಡಿರಲಿಲ್ಲ. ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿದೆ. “ಒಂದೂವರೆ ಇಂಚು ಬಟ್ಟೆಗೋಸ್ಕರ ಅಂಗಡಿ ಮುಚ್ತೀಯಾ? ಯಾರಿಗೋಸ್ಕರ ಒದ್ದಾಡ್ತಿದ್ದೀನಿ ನಾನು? ಆ ನರ್ಸಮ್ಮನ ಮುಂದೆ ಕೈ ಕಟ್ಟಿ ನಿಂತದ್ದು, ಮೂರು ದಿನ ಕೂತು ಕತ್ತರಿಸಿದ್ದು, ಎಲ್ಲ ನಿನಗೋಸ್ಕರ ಅಲ್ವಾ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಅನ್ನೋ ಹಾಗೆ ಮಾಡ್ತೀಯಲ್ಲ.”

“ನಾನು ಕೋಣವೋ?”

“ಮತ್ತೇನು.”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ನನಗೋಸ್ಕರ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೀಯ, ನನ್ನನ್ನ ಒಂದು ಮಾತು ಕೇಳಿದ್ಯಾ? ನನಗೆ ಚೆಕ್ಕಿಂಗ್ ಕೆಲಸ ಬೇಜಾರಿಲ್ಲ ಕಣೇ. ಕಾಲು ನೋವು, ಕಣ್ಣು ಮಂಜು. ಕೂತು ನೋಡೋ ಕೆಲಸ, ಸಂಜೆ ಆರಕ್ಕೆ ಮನೆ. ನಾನು ಹೋಗೋಳೇ. ಹನ್ನೆರಡು ವರ್ಷ ಫೋನ್ ಮಾಡಿ ಏನು ಮಾತಾಡ್ತಿದ್ದೆ ನೀನು? ಊಟ ಆಯ್ತಾ, ಮಳೆ ಬಂತಾ, ಸರಿ ಇಡ್ತೀನಿ. ಆ ಮೊದಲನೇ ಅಂಗಿ ಹೊಲಿದ ದಿನ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ಕಾಲರ್ ಹೇಗೆ ಕೂತಿತು, ತೋಳು ಹೇಗೆ ಬಿತ್ತು, ಕತ್ತರಿ ಹೇಗೆ ಓಡಿತು. ನನಗೆ ಅವತ್ತೇ ಗೊತ್ತಾಯ್ತು. ಅಂಗಡಿ ಬೇಕಾಗಿರೋದು ನನಗಲ್ಲ, ನಿನಗೆ.”

ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಭಾನುವಾರ ಹೊಸ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಇಟ್ಟಾಗ ನನ್ನ ಎದೆ ಹೊಡೆದುಕೊಂಡದ್ದು ಅಕ್ಕನಿಗಾಗಿ ಅಲ್ಲ. ಆಗ ಅಕ್ಕನ ನೆನಪೇ ಇರಲಿಲ್ಲ. ಈ ದೇಶದಲ್ಲಿ ನಾನು ಕತ್ತರಿಸಬಲ್ಲವಳು ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಊರಿನಲ್ಲಿ ಗೊತ್ತಿದ್ದವರಿಗೆ ನಾನು ಇನ್ನೂ ಕತ್ತರಿಸುತ್ತೇನೆಯೇ ಎಂಬುದು ತಿಳಿದಿರಲಿಲ್ಲ. ಎರಡೂ ಕಡೆಯವರು ಒಂದೇ ಅಂಗಿಯನ್ನು ಹಿಡಿದು ನೋಡಿದರೆ ಮಾತ್ರ ನಾನು ಪೂರ್ತಿ ಕಾಣುತ್ತಿದ್ದೆ. ಅದಕ್ಕೆ ನನಗೆ ಅಕ್ಕ ಬೇಕಾಗಿದ್ದಳು. ಉಪಕಾರ ಮಾಡುವವಳ ಗತ್ತಿನಲ್ಲಿ ಹೊರಟು, ನಾನೇ ಅವಳ ಬಾಗಿಲಲ್ಲಿ ನಿಂತಿದ್ದೆ.

ಅತ್ತೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಚೆನ್ನಾಗಿಯೇ ಅತ್ತೆ.

“ಹೌದು ಅಕ್ಕಾ. ನನಗೇ ಬೇಕು.”

“ಹಾಗಂತ ಕೇಳು ಮತ್ತೆ.”

“ಏನಂತ?”

“ಚಿಕ್ಕವಳಿದ್ದಾಗ ಕತ್ತರಿ ಬೇಕು ಅಂತ ಹೇಗೆ ಕೇಳ್ತಿದ್ದೆ? ದಿನಾ ಕೇಳ್ತಿದ್ದೆ. ನನ್ನ ಅಂಗಡಿ ಉಳಿಸೋಕೆ ಬಂದ್ರೆ ನಾನು ಬೇಡ ಅಂತೀನಿ. ನಿನ್ನದನ್ನ ಶುರು ಮಾಡೋಕೆ ಕರೆದ್ರೆ ಯೋಚನೆ ಮಾಡ್ತೀನಿ.”

ನಾನು ಮೂಗು ಒರೆಸಿಕೊಂಡೆ. ನಲವತ್ತೊಂದು ವರ್ಷದವಳು, ಎರಡು ದೇಶದ ಮುಂದೆ ಜಂಬ ಕೊಚ್ಚಿದವಳು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದೆ.

“ಅಕ್ಕಾ, ನನಗೆ ನೂರಿಪ್ಪತ್ತು ಅಂಗಿ ಹೊಲಿದುಕೊಡ್ತೀಯಾ?”

ಅಕ್ಕ ಬಹಳ ಹೊತ್ತು ಕಾಯಿಸಲಿಲ್ಲ. ಎದ್ದು ಹೋಗಿ ಮಷಿನ್‌ಗಳಿಗೆ ಸುತ್ತಿದ್ದ ಹಗ್ಗದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಸಡಿಲಿಸಿದಳು. ಬಂದು ಮತ್ತೆ ಕೂತು, ಕಿವಿಯ ಮೇಲಿಂದ ಪೆನ್ಸಿಲ್ ತೆಗೆದುಕೊಂಡಳು.

“ಮುಕ್ಕಾಲು ಇಂಚು ಬಿಡ್ತೀನಿ.”

“ಅರ್ಧ ಅಂದಿದ್ದಾರೆ ಅಕ್ಕಾ.”

“ಸರಿ, ಅರ್ಧ. ನಿನ್ನ ಗಿರಾಕಿ, ನಿನ್ನ ಮಾತು,” ಎಂದಳು ಅಕ್ಕ. “ಅಳತೆ ಹೇಳು, ಬರ್ಕೊಳ್ತೀನಿ.”